‘ಇನ್ನೂ ಮಾರ್ಚ್ ತಾನೇ’ ಎಂಬ ಸಮಾಧಾನ

ಅಮೆರಿಕದ ಎಂಎಲ್‌ಎಸ್, ಅಂದರೆ ಮೇಜರ್ ಲೀಗ್ ಸಾಕರ್‌ನಲ್ಲಿ ಪ್ರತಿ ವರ್ಷ ಫೆಬ್ರವರಿ ಕೊನೆಗೆ ಚೆಂಡು ಉರುಳತೊಡಗುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಸೋತ ತಂಡಗಳ ಕಡೆಯಿಂದ ಒಂದೇ ರಾಗ ಕೇಳಿಬರುತ್ತದೆ: ಇನ್ನೂ ಮಾರ್ಚ್ ತಾನೇ, ದಾರಿ ದೂರವಿದೆ. ಕೋಚ್ ಇದನ್ನು ಹೇಳುತ್ತಾರೆ, ಕ್ಲಬ್‌ನ ಕ್ರೀಡಾ ನಿರ್ದೇಶಕರು ಹೇಳುತ್ತಾರೆ, ಟಿವಿಯಲ್ಲಿ ಕೂತ ಮಾಜಿ ಆಟಗಾರರು ಹೌದೆಂದು ತಲೆಯಾಡಿಸುತ್ತಾರೆ. ಕೊನೆಗೆ ಅಭಿಮಾನಿಯೂ ಅದನ್ನೇ ಬಾಯಿಪಾಠ ಮಾಡಿ ಪಕ್ಕದ ಸೀಟಿನವನಿಗೆ ಒಪ್ಪಿಸುತ್ತಾನೆ.

ಈ ಮಾತಿನ ಹಿಂದೆ ಒಂದು ಲೆಕ್ಕಾಚಾರವಿದೆ ಎಂಬುದನ್ನು ಒಪ್ಪೋಣ. ತಂಡವೊಂದಕ್ಕೆ 34 ಪಂದ್ಯ. 30 ತಂಡಗಳಲ್ಲಿ 18ಕ್ಕೆ ಪ್ಲೇಆಫ್‌ನಲ್ಲಿ ಜಾಗ. ಪೂರ್ವ ವಿಭಾಗದಿಂದ ಒಂಬತ್ತು, ಪಶ್ಚಿಮದಿಂದ ಒಂಬತ್ತು. ಎಷ್ಟೇ ಕೆಟ್ಟದಾಗಿ ಆಡಿದರೂ ಯೂರೋಪಿನ ಹಾಗೆ ಕೆಳಗಿನ ದರ್ಜೆಗೆ ತಳ್ಳುವ ಭಯವಿಲ್ಲ. ಪ್ಲೇಆಫ್ ಮುಟ್ಟಿದರೆ ಎಲ್ಲ ಹೊಸದಾಗಿ ಶುರು. 2024ರಲ್ಲಿ ಇಂಟರ್ ಮಯಾಮಿ 74 ಅಂಕ ಗಳಿಸಿ ಲೀಗ್ ಹಂತದ ದಾಖಲೆ ಬರೆಯಿತು, ಆಮೇಲೆ 40 ಅಂಕದ ಅಟ್ಲಾಂಟಾ ಯುನೈಟೆಡ್ ಕೈಯಲ್ಲಿ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಯಿತು. ಅಂದಮೇಲೆ ಮಾರ್ಚ್ ತಿಂಗಳ ಒಂದು ಸೋಲಿಗೆ ಯಾಕೆ ನಿದ್ದೆಗೆಡಬೇಕು ಎಂದು ಕೇಳುವವರಿಗೆ ಉದಾಹರಣೆಗಳ ಕೊರತೆಯೇನೂ ಇಲ್ಲ.

ಕೇಳಲು ಅನುಭವಸ್ಥರ ಮಾತಿನಂತಿದೆ. ಆದರೆ ಆ ಲೀಗ್‌ನ ಹಳೆಯ ಅಂಕಪಟ್ಟಿಗಳನ್ನು ತೆರೆದು ಕೂತರೆ ಇದು ನಿಲ್ಲುವ ಮಾತಲ್ಲ. ಸೋತವರ ಅನುಕೂಲಕ್ಕೆಂದು ಹುಟ್ಟಿಕೊಂಡ ನೆಪವೊಂದು ಕ್ರಮೇಣ ಶಾಸ್ತ್ರವಾಗಿ ಬೆಳೆದು ನಿಂತಿದೆ, ಅಷ್ಟೆ.

ಮಯಾಮಿಯ ಕಥೆಯನ್ನೇ ತೆಗೆದುಕೊಳ್ಳಿ, ಆದರೆ 2023ರದ್ದು. ಆ ವರ್ಷ ಮಯಾಮಿ ಮೊದಲ ಎರಡು ಪಂದ್ಯ ಗೆದ್ದು, ನಂತರ ಸತತವಾಗಿ ಆರು ಸೋತಿತು. ಜೂನ್ ಮೊದಲ ದಿನ ಕೋಚ್ ಫಿಲ್ ನೆವಿಲ್ ಅವರನ್ನು ತೆಗೆದುಹಾಕಲಾಯಿತು. ಜುಲೈನಲ್ಲಿ ಲಿಯೊನೆಲ್ ಮೆಸ್ಸಿ ಬಂದಾಗ ತಂಡ ಪೂರ್ವ ವಿಭಾಗದ ತಳದಲ್ಲಿತ್ತು. ಮುಂದಿನದ್ದು ಜಗತ್ತೇ ನೋಡಿದ ಕಥೆ. ಮೆಸ್ಸಿಯ ಫ್ರೀ ಕಿಕ್‌ಗಳು, ಗುಲಾಬಿ ಅಂಗಿಯ ಹುಚ್ಚು, ಆಗಸ್ಟ್ 19ರಂದು ನ್ಯಾಶ್‌ವಿಲ್ ವಿರುದ್ಧ ಶೂಟೌಟ್‌ನಲ್ಲಿ 10-9ರಿಂದ ಗೆದ್ದ ಲೀಗ್ಸ್ ಕಪ್ ಎಂಬ ಬೇರೆ ಟೂರ್ನಿ. ಜಗತ್ತಿನ ಶ್ರೇಷ್ಠ ಆಟಗಾರ, ಜೊತೆಗೆ ಬುಸ್ಕೆಟ್ಸ್, ಜೋರ್ಡಿ ಆಲ್ಬಾ. ಇಷ್ಟೆಲ್ಲ ಇದ್ದೂ ಮಯಾಮಿ ಆ ವರ್ಷ ಪ್ಲೇಆಫ್‌ಗೆ ಹೋಗಲಿಲ್ಲ! 34 ಅಂಕಕ್ಕೆ ನಿಂತುಹೋಯಿತು. ಒಂಬತ್ತನೇ ಸ್ಥಾನದ ಷಾರ್ಲಟ್ 43ರಲ್ಲಿತ್ತು. ಮಾರ್ಚ್‌ನಿಂದ ಜೂನ್‌ವರೆಗೆ ಚೆಲ್ಲಿದ ಅಂಕಗಳನ್ನು ಮೆಸ್ಸಿಯಿಂದಲೂ ಹೆಕ್ಕಿ ತರಲಾಗಲಿಲ್ಲ. ದಾರಿ ದೂರವಿದೆ ಎಂದು ಹೇಳುವವರು ಈ ಒಂದು ಸೀಸನ್‌ಗೆ ಉತ್ತರ ಕೊಡಲಿ. ಮೆಸ್ಸಿಗಿಂತ ದೊಡ್ಡ ಪರಿಹಾರ ಯಾವ ಕ್ಲಬ್‌ನ ಜೇಬಿನಲ್ಲಿದೆ?

ಇದು ಕೆಟ್ಟ ತಂಡದ ಕಥೆಯಾಯಿತು, ಒಳ್ಳೆಯ ತಂಡಗಳಿಗೆ ಇದರ ಬಿಸಿ ತಟ್ಟುವುದಿಲ್ಲ ಎನ್ನುವವರೂ ಇದ್ದಾರೆ. ಅವರು 2022ರ ಫೆಬ್ರವರಿ 26ಕ್ಕೆ ಹೋಗಿ ಬರಲಿ. ಆ ದಿನ ಲಾಸ್ ಏಂಜಲೀಸ್ ಎಫ್‌ಸಿ ತನ್ನ ಮೊದಲ ಪಂದ್ಯದಲ್ಲಿ ಕೊಲರಾಡೋ ತಂಡವನ್ನು 3-0ಯಿಂದ ಸೋಲಿಸಿತು, ಮೂರೂ ಗೋಲು ಕಾರ್ಲೋಸ್ ವೇಲಾ ಅವರದ್ದು. ಅದೇ ದಿನ ಫಿಲಡೆಲ್ಫಿಯಾ ಯೂನಿಯನ್ ತವರಿನಲ್ಲಿ ಮಿನೆಸೋಟ ಜೊತೆ 1-1ಕ್ಕೆ ತೃಪ್ತಿಪಟ್ಟಿತು. ಮೊದಲ ಪಂದ್ಯ, ಡ್ರಾ, ಯಾರಿಗೂ ಬೇಸರವಿಲ್ಲ. ಏಳು ತಿಂಗಳಾದ ಮೇಲೆ ಲೀಗ್ ಹಂತ ಮುಗಿದಾಗ ಎರಡೂ ತಂಡಗಳು 67 ಅಂಕದಲ್ಲಿದ್ದವು. ಫಿಲಡೆಲ್ಫಿಯಾ ಸೋತದ್ದು ಐದೇ ಪಂದ್ಯ, ಎದುರಾಳಿ ಒಂಬತ್ತು. ಆದರೆ ಅಂಕ ಸಮವಾದರೆ ನೋಡುವುದು ಗೆಲುವಿನ ಸಂಖ್ಯೆಯನ್ನು: ಲಾಸ್ ಏಂಜಲೀಸ್ 21, ಫಿಲಡೆಲ್ಫಿಯಾ 19. ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಸಪೋರ್ಟರ್ಸ್ ಶೀಲ್ಡ್ ಪಶ್ಚಿಮಕ್ಕೆ ಹೋಯಿತು. ಅದರ ಜೊತೆಗೇ ಹೋದದ್ದು ಇನ್ನೂ ದೊಡ್ಡದು, ಫೈನಲ್ ನಡೆಸುವ ಹಕ್ಕು.

ನವೆಂಬರ್ 5ರಂದು ಇವೆರಡೇ ತಂಡಗಳು ಎಂಎಲ್‌ಎಸ್ ಕಪ್ ಫೈನಲ್‌ನಲ್ಲಿ ಎದುರಾದವು, ಲಾಸ್ ಏಂಜಲೀಸ್‌ನಲ್ಲಿ. ಹೆಚ್ಚುವರಿ ಸಮಯ ಮುಗಿದೇಹೋಯಿತು ಅನ್ನುವಾಗ ಜಾಕ್ ಎಲಿಯಟ್ ಫಿಲಡೆಲ್ಫಿಯಾಕ್ಕೆ ಮುನ್ನಡೆ ತಂದುಕೊಟ್ಟರು. 128ನೇ ನಿಮಿಷದಲ್ಲಿ ಗರೆತ್ ಬೇಲ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿ 3-3 ಮಾಡಿದರು. ಕಾಲು ಮುರಿದುಕೊಂಡ ಗೋಲಿಯ ಬದಲು ಬಂದಿದ್ದ ಜಾನ್ ಮೆಕಾರ್ತಿ ಶೂಟೌಟ್‌ನಲ್ಲಿ ಹೀರೋ ಆದರು. ಅವರ ಹುಟ್ಟೂರು ಫಿಲಡೆಲ್ಫಿಯಾ ಎಂಬುದು ಗಾಯದ ಮೇಲಿನ ಉಪ್ಪು. ಆ ಫೈನಲ್ ಪೆನ್ಸಿಲ್ವೇನಿಯಾದಲ್ಲಿ ನಡೆದಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತೆಂದು ನಾನು ಆಣೆ ಮಾಡಲಾರೆ. ಫೆಬ್ರವರಿಯ ಆ ಡ್ರಾ ಗೆಲುವಾಗಿದ್ದರೆ ಫಿಲಡೆಲ್ಫಿಯಾಕ್ಕೆ 69 ಅಂಕ, ಫೈನಲ್ ತವರಿನಲ್ಲಿ. ಇದಕ್ಕೆ ಆಣೆ ಬೇಕಿಲ್ಲ, ಕೂಡುವುದು ಗೊತ್ತಿದ್ದರೆ ಸಾಕು.

ಇಲ್ಲಿ ಒಬ್ಬ ಜಾಣ ಅಡ್ಡ ಬರುತ್ತಾನೆ: ಫಿಲಡೆಲ್ಫಿಯಾ ಹತ್ತು ಪಂದ್ಯ ಡ್ರಾ ಮಾಡಿಕೊಂಡಿತಲ್ಲ, ಫೆಬ್ರವರಿಯದ್ದನ್ನೇ ಯಾಕೆ ದೂರಬೇಕು? ನಾನು ಹೇಳುತ್ತಿರುವುದೂ ಅದನ್ನೇ. ಹತ್ತೂ ಒಂದೇ ತೂಕದವು. ಆದರೆ ಲೀಗ್ ತನ್ನ ಕೊನೆಯ ದಿನಕ್ಕೆ ‘ಡಿಸಿಷನ್ ಡೇ’ ಎಂದು ಹೆಸರಿಟ್ಟು, ಎಲ್ಲ ಪಂದ್ಯಗಳನ್ನೂ ಒಟ್ಟಿಗೇ ಆಡಿಸಿ ಹಬ್ಬ ಮಾಡುತ್ತದೆ. ನಿರ್ಧಾರವೆಲ್ಲ ಅಂದೇ ಆಗುತ್ತದೇನೋ ಎಂಬ ಹಾಗೆ! ಅಕ್ಟೋಬರ್‌ನ ಡ್ರಾಗೆ ಅಳುವವರು ಫೆಬ್ರವರಿಯ ಡ್ರಾಗೆ ಭುಜ ಹಾರಿಸುವುದರಲ್ಲಿ ಯಾವ ತರ್ಕವೂ ಇಲ್ಲ.

ತವರಿನ ಫೈನಲ್‌ಗೆ ಅಷ್ಟು ಬೆಲೆ ಯಾಕೆ ಎಂದು ಕೇಳಬಹುದು. 2012ರಿಂದ ಫೈನಲ್ ನಡೆಯುವುದು ಹೆಚ್ಚು ಅಂಕ ಗಳಿಸಿದ ತಂಡದ ಊರಿನಲ್ಲಿ. ಅದಕ್ಕೆ ಮೊದಲು ಊರನ್ನು ಮುಂಚಿತವಾಗಿಯೇ ಗೊತ್ತುಮಾಡುತ್ತಿದ್ದರು. 2012ರಿಂದ 2025ರವರೆಗೆ 14 ಫೈನಲ್‌ಗಳಲ್ಲಿ 11 ತವರು ತಂಡದ ಪಾಲಾಗಿವೆ. ಕೈತಪ್ಪಿದ್ದು ಮೂರು ಸಲ: 2015ರಲ್ಲಿ ಕೊಲಂಬಸ್, 2016ರಲ್ಲಿ ಟೊರಾಂಟೊ, 2021ರಲ್ಲಿ ಪೋರ್ಟ್‌ಲೆಂಡ್. ಕೊನೆಯ ಎರಡು ಸೋಲೂ ಶೂಟೌಟ್‌ನಲ್ಲಿ ಬಂದವು. ಅಂದರೆ ಆಟದ ಅವಧಿಯೊಳಗೆ ತವರಿನಲ್ಲಿ ಸೋತ ತಂಡ ಒಂದೇ ಒಂದು. ಪ್ಲೇಆಫ್ ಎಂಬುದು ಬರೀ ಲಾಟರಿ ಎನ್ನುವವರು ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮಾತಾಡಲಿ. ಈ ಲೀಗ್‌ನಲ್ಲಿ ಪರ ಊರೆಂದರೆ ಬಸ್ಸಿನ ದಾರಿಯಲ್ಲ. 2025ರ ಡಿಸೆಂಬರ್‌ನಲ್ಲಿ ಕೆನಡಾದ ವ್ಯಾಂಕೂವರ್ ತಂಡ ಫೈನಲ್ ಆಡಲು ಖಂಡದ ಆ ಮೂಲೆಯಿಂದ ಈ ಮೂಲೆಗೆ, ನಾಲ್ಕು ಸಾವಿರ ಕಿಲೋಮೀಟರಿಗೂ ದೂರದ ಫ್ಲಾರಿಡಾಕ್ಕೆ ಹಾರಬೇಕಾಯಿತು. ಮಯಾಮಿಗೆ 65 ಅಂಕ, ವ್ಯಾಂಕೂವರ್‌ಗೆ 63. ಮಯಾಮಿ 3-1ರಿಂದ ಗೆದ್ದಿತು.

ಇನ್ನು ತಡವಾಗಿ ಎದ್ದು ಗೆದ್ದವರ ಪುರಾಣ. ‘ಇನ್ನೂ ಮಾರ್ಚ್’ ಪಂಥದವರು ದಿನವೂ ಪಾರಾಯಣ ಮಾಡುವುದು ಇದನ್ನೇ. ಪುರಾಣದ ನಾಯಕ 2016ರ ಸಿಯಾಟಲ್ ಸೌಂಡರ್ಸ್. ಜುಲೈ ಕೊನೆಯಲ್ಲಿ 20 ಪಂದ್ಯಕ್ಕೆ 20 ಅಂಕ, 12 ಸೋಲು. ಡಿಸೆಂಬರ್‌ನಲ್ಲಿ ಕಪ್. ಇಷ್ಟು ಹೇಳಿ ಪುರಾಣಿಕರು ಮಂಗಳ ಹಾಡಿಬಿಡುತ್ತಾರೆ. ನಡುವೆ ನಡೆದದ್ದನ್ನು ಯಾರು ಹೇಳಬೇಕು? ಸಿಯಾಟಲ್‌ನವರು ತಾಳ್ಮೆಯಿಂದ ಕಾಯಲಿಲ್ಲ. ಕ್ಲಬ್‌ಗೆ ಎಂಎಲ್‌ಎಸ್ ಪ್ರವೇಶ ಸಿಕ್ಕ ದಿನದಿಂದಲೂ ಕೋಚ್ ಆಗಿದ್ದ ಸಿಗಿ ಶ್ಮಿಡ್ ಅಂಥವರನ್ನೇ ಬಿಟ್ಟುಕೊಟ್ಟರು, ಸಹಾಯಕ ಬ್ರಯಾನ್ ಶ್ಮೆಟ್ಜರ್ ಕೈಗೆ ತಂಡ ಕೊಟ್ಟರು, ಅದೇ ವಾರ ಬೋಕಾ ಜೂನಿಯರ್ಸ್‌ನಿಂದ ನಿಕೊಲಾಸ್ ಲೊಡೇರೊ ಅವರನ್ನು ಕರೆತಂದರು. ಉಳಿದ 14 ಪಂದ್ಯಗಳಲ್ಲಿ 28 ಅಂಕ ಬಂದದ್ದು ಹಾಗೆ. ಕೆಟ್ಟ ಆರಂಭವನ್ನು ಕೆಟ್ಟ ಆರಂಭವೆಂದು ಒಪ್ಪಿ ಮನೆಯನ್ನೇ ಬುಡಮೇಲು ಮಾಡಿದ ಕ್ಲಬ್‌ನ ಉದಾಹರಣೆಯನ್ನು ಏನೂ ಮಾಡಬೇಕಿಲ್ಲ ಎನ್ನುವವರು ಬಳಸಿಕೊಳ್ಳುತ್ತಿದ್ದಾರೆ! ಅಷ್ಟಾಗಿಯೂ ಫೈನಲ್ ಸಿಯಾಟಲ್‌ನಲ್ಲಿ ನಡೆಯಲಿಲ್ಲ. ಟೊರಾಂಟೊದ ಡಿಸೆಂಬರ್ ಚಳಿಯಲ್ಲಿ ಗೋಲಿನತ್ತ ಗುರಿಯಿಟ್ಟ ಒಂದು ಹೊಡೆತವೂ ಇಲ್ಲದೆ, ಸ್ಟೆಫಾನ್ ಫ್ರೈ ಅವರ ಒಂದು ಅಸಾಧ್ಯ ತಡೆಯನ್ನು ನೆಚ್ಚಿಕೊಂಡು, ಶೂಟೌಟ್‌ನಲ್ಲಿ ಗೆದ್ದು ಬಂದರು. ಇದನ್ನು ಮಾದರಿ ಅನ್ನುವವರಿಗೆ ಏನು ಹೇಳುವುದು?

2009ರ ರಿಯಲ್ ಸಾಲ್ಟ್ ಲೇಕ್ ಇನ್ನೊಂದು ಅಧ್ಯಾಯ. ಗೆದ್ದದ್ದಕ್ಕಿಂತ ಒಂದು ಹೆಚ್ಚು ಸೋತು, 40 ಅಂಕದಿಂದ ಕೊನೆಯ ಸ್ಥಾನದಲ್ಲಿ ಪ್ಲೇಆಫ್‌ಗೆ ನುಸುಳಿ ಕಪ್ ಎತ್ತಿದ ತಂಡ. ಅದೇ ವರ್ಷ ಕೊಲರಾಡೋ, ಡಿ.ಸಿ. ಯುನೈಟೆಡ್ ತಂಡಗಳಿಗೂ 40 ಅಂಕವೇ ಇತ್ತು. ಅವು ಹೊರಗುಳಿದವು, ಅವುಗಳ ಬಗ್ಗೆ ಯಾರೂ ಪುರಾಣ ಕಟ್ಟಲಿಲ್ಲ. 2012ರ ಲಾಸ್ ಏಂಜಲೀಸ್ ಗ್ಯಾಲಕ್ಸಿಯೂ ಕುಂಟುತ್ತಾ ಶುರುಮಾಡಿ ಬೆಕಮ್ ಆ ತಂಡಕ್ಕೆ ಆಡಿದ ಕೊನೆಯ ಪಂದ್ಯದಲ್ಲಿ ಕಪ್ ಗೆದ್ದಿತು. ಫೈನಲ್ ಅವರ ಅಂಗಳದಲ್ಲೇ ನಡೆದದ್ದು ಹ್ಯೂಸ್ಟನ್‌ಗಿಂತ ಒಂದೇ ಒಂದು ಅಂಕ ಹೆಚ್ಚಿದ್ದರಿಂದ, 54ಕ್ಕೆ 53. ಆ ಒಂದು ಅಂಕ ಯಾವ ತಿಂಗಳಿನದ್ದು ಎಂದು ಯಾರಾದರೂ ಬೆರಳಿಟ್ಟು ತೋರಿಸಬಲ್ಲರೇ?

ನನ್ನ ವಾದದ ವಿರುದ್ಧ ಹೂಡಬಹುದಾದ ಅತ್ಯಂತ ಗಟ್ಟಿ ಸಾಕ್ಷ್ಯ 2023ರ ಪಶ್ಚಿಮ ವಿಭಾಗದಲ್ಲಿದೆ. ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಲೀಗ್‌ಗೆ ಆಗಷ್ಟೇ ಕಾಲಿಟ್ಟ ಸೇಂಟ್ ಲೂಯಿಸ್ ಸಿಟಿ ತನ್ನ ಮೊದಲ ಐದೂ ಪಂದ್ಯ ಗೆದ್ದು, ಹೊಸ ತಂಡವೊಂದರ ದಾಖಲೆ ಸ್ಥಾಪಿಸಿತು. ನೆರೆಯ ಸ್ಪೋರ್ಟಿಂಗ್ ಕ್ಯಾನ್ಸಸ್ ಸಿಟಿ ಮೊದಲ ಹತ್ತರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಏಳು ಸೋಲು, ಮೂರು ಡ್ರಾ. ಕೊನೆಗೆ ಸೇಂಟ್ ಲೂಯಿಸ್ ಪಶ್ಚಿಮದ ಮೊದಲ ಸ್ಥಾನ ಪಡೆಯಿತು, ಕ್ಯಾನ್ಸಸ್ ಸಿಟಿ ಎಂಟನೆಯದು. ಪ್ಲೇಆಫ್‌ನಲ್ಲಿ ಎದುರಾದಾಗ ಕ್ಯಾನ್ಸಸ್ ಸಿಟಿ 4-1, 2-1ರಿಂದ ಎರಡೂ ಪಂದ್ಯ ಗೆದ್ದು ಸೇಂಟ್ ಲೂಯಿಸ್‌ನ ಹಬ್ಬ ಮುಗಿಸಿತು. ನೋಡಿ, ಮಾರ್ಚ್‌ಗೆ ಏನು ಬೆಲೆ ಬಂತು ಎಂದು ಕೇಳುತ್ತಾರೆ.

ಉತ್ತರ ಅಂಕಗಳಲ್ಲೇ ಇದೆ. ಸೇಂಟ್ ಲೂಯಿಸ್ ಗಳಿಸಿದ್ದು ಒಟ್ಟು 56. ಮೊದಲ ಐದರ 15 ಕಳೆದರೆ ಉಳಿದ 29 ಪಂದ್ಯಕ್ಕೆ 41. ಕ್ಯಾನ್ಸಸ್ ಸಿಟಿ ಗಳಿಸಿದ್ದು 44. ಮೊದಲ ಹತ್ತರ ಮೂರನ್ನು ಕಳೆದರೆ ಉಳಿದ 24 ಪಂದ್ಯಕ್ಕೂ ಅದೇ 41! ಬೇಸಿಗೆಯಿಂದಾಚೆಗೆ ಕ್ಯಾನ್ಸಸ್ ಸಿಟಿಯೇ ಬಲಿಷ್ಠ ತಂಡ. ಅಂಥ ತಂಡ ವಸಂತದಲ್ಲಿ ಕೈಚೆಲ್ಲಿ ಕೂತದ್ದರಿಂದ ಎಂಟನೇ ಸ್ಥಾನದಲ್ಲಿ, ಹತ್ತನೆಯ ಪೋರ್ಟ್‌ಲೆಂಡ್‌ಗಿಂತ ಒಂದೇ ಅಂಕ ಮುಂದೆ ನಿಂತು, ಸ್ಯಾನ್ ಹೊಸೆ ವಿರುದ್ಧ ಶೂಟೌಟ್ ಗೆದ್ದು ಒಳಬರಬೇಕಾಯಿತು. ಆ ಶೂಟೌಟ್‌ನಲ್ಲಿ ಎರಡು ಕಿಕ್ ಕಂಬಕ್ಕೆ ಬಡಿದಿದ್ದರೆ ಈ ಉದಾಹರಣೆಯನ್ನೇ ಯಾರೂ ಎತ್ತುತ್ತಿರಲಿಲ್ಲ. ಅತ್ತ ಸೇಂಟ್ ಲೂಯಿಸ್ ತನ್ನ ಯೋಗ್ಯತೆಗೆ ಮೀರಿದ ಸ್ಥಾನಕ್ಕೆ ಏರಿದ್ದೂ ಆ ಮೊದಲ ಐದು ವಾರಗಳ ಕೃಪೆಯಿಂದ.

ಆದ್ದರಿಂದ ನಾನು ಹೇಳುತ್ತಿರುವುದು ಏನೆಂಬುದರಲ್ಲಿ ಗೊಂದಲ ಬೇಡ. ಐದು ಪಂದ್ಯ ನೋಡಿ ಡಿಸೆಂಬರ್‌ನ ಜಾತಕ ಬರೆಯುವವರ ಪರ ನಾನಿಲ್ಲ. ಅವರದು ಬೇರೆ ರೋಗ. 2019ರಲ್ಲಿ ಹೊಸ ತಂಡ ಸಿನ್ಸಿನಾಟಿ ತವರಿನ ಮೊದಲ ಪಂದ್ಯದಲ್ಲೇ ಪೋರ್ಟ್‌ಲೆಂಡ್‌ಗೆ ಮೂರು ಗೋಲು ಹೊಡೆದಾಗ ಊರೆಲ್ಲ ಕುಣಿಯಿತು. ಮೇ ಮೊದಲ ವಾರಕ್ಕೆ ಕೋಚ್ ಅಲನ್ ಕಾಕ್ ಕೆಲಸ ಕಳೆದುಕೊಂಡಿದ್ದರು, ತಂಡ ವರ್ಷದ ಕೊನೆಗೆ ಲೀಗ್‌ನಲ್ಲೇ ಕಡೆಯ ಸ್ಥಾನದಲ್ಲಿತ್ತು. ಆರಂಭದ ವೇಳಾಪಟ್ಟಿಯೂ ಸಮವಲ್ಲ. 2012ರಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಗುವವರೆಗೆ ಹ್ಯೂಸ್ಟನ್ ಮೊದಲ ಏಳೂ ಪಂದ್ಯಗಳನ್ನು ಪರ ಊರಿನಲ್ಲೇ ಆಡಿತು. ಅದರ ಏಪ್ರಿಲ್ ಅಂಕಪಟ್ಟಿ ನೋಡಿ ನಕ್ಕವರು ಮೂರ್ಖರಾದರು. ಲಯ ಎಂಬುದು ಬಂದು ಹೋಗುವಂಥದ್ದು. ಗಳಿಸಿದ ಅಂಕ ಹಾಗಲ್ಲ, ಖಾತೆಯಲ್ಲೇ ಕೂತಿರುತ್ತದೆ. ‘ಇನ್ನೂ ಮಾರ್ಚ್’ ಎನ್ನುವವರು ಮಾಡುವ ತಪ್ಪು ಈ ಎರಡನ್ನು ಕಲಸುವುದು. ಲಯದ ಬಗ್ಗೆ ನಿಜವಾದ ಮಾತನ್ನು ಅಂಕದ ಮೇಲೆ ಹೇರುತ್ತಾರೆ.

ಅದಿರಲಿ, ಕ್ಲಬ್ ಮಾಲೀಕರಾದರೂ ಈ ಮಾತನ್ನು ನಂಬುತ್ತಾರೆಯೇ? 2025ರ ಮಾರ್ಚ್ 24ರಂದು ಮಾಂಟ್ರಿಯಲ್ ತನ್ನ ಕೋಚ್ ಲಾರೆಂಟ್ ಕೂರ್ತ್ವಾ ಅವರನ್ನು ತೆಗೆದುಹಾಕಿತು. ಆಗಿದ್ದದ್ದು ಐದೇ ಪಂದ್ಯ. ಅದಾಗಿ ಒಂದು ವಾರಕ್ಕೆ, ಮಾರ್ಚ್ 31ರಂದು, ಕ್ಯಾನ್ಸಸ್ ಸಿಟಿ ಮತ್ತು ಪೀಟರ್ ವರ್ಮಿಸ್ ದಾರಿಗಳು ಬೇರೆಯಾದವು. 2009ರಿಂದ ಆ ಕುರ್ಚಿಯಲ್ಲಿದ್ದು, 2013ರಲ್ಲಿ ಕಪ್ ತಂದುಕೊಟ್ಟ ಮನುಷ್ಯ. 2023ರಲ್ಲಿ ಹತ್ತು ಪಂದ್ಯ ಗೆಲ್ಲದಿದ್ದರೂ ತಾಳಿಕೊಂಡು ಶಹಬ್ಬಾಸ್ ಅನ್ನಿಸಿಕೊಂಡ ಕ್ಲಬ್ಬೇ ಎರಡು ವರ್ಷದ ನಂತರ ಆರಕ್ಕೇ ಸುಸ್ತಾಯಿತು. ಅಭಿಮಾನಿಗೆ ತಾಳ್ಮೆಯ ಬೋಧನೆ, ಒಳಗೆ ಮಾತ್ರ ಕತ್ತಿ ಮಸೆತ. ಎರಡೂ ತಂಡಗಳು ಆ ವರ್ಷ ಪ್ಲೇಆಫ್ ಕಾಣಲಿಲ್ಲ ಎಂಬುದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ.

ಅದೇ ವರ್ಷದ ಗ್ಯಾಲಕ್ಸಿ ಕಥೆ ಇನ್ನೂ ಪಾಠವಾಗುವಂಥದ್ದು. 2024ರ ಡಿಸೆಂಬರ್ 7ರಂದು ನ್ಯೂಯಾರ್ಕ್ ರೆಡ್ ಬುಲ್ಸ್ ಮೇಲೆ 2-1ರ ಗೆಲುವು, ಕಪ್. ಅದಕ್ಕೆ ಒಂದು ವಾರ ಮೊದಲು, ಸಿಯಾಟಲ್ ವಿರುದ್ಧ, ಮಂಡಿಯ ಲಿಗಮೆಂಟ್ ಹರಿದುಕೊಂಡೂ ಮೈದಾನ ಬಿಡದೆ ಗೆಲುವಿನ ಗೋಲಿಗೆ ಪಾಸ್ ಕೊಟ್ಟ ರಿಕಿ ಪುಯಿಗ್ ಮುಂದಿನ ವರ್ಷಕ್ಕೆ ಇಲ್ಲ. ಫೈನಲ್‌ನಲ್ಲಿ ಗೋಲು ಹೊಡೆದ ದೇಯನ್ ಯೊವೆಲಿಚ್ ಅವರನ್ನು ವೇತನ ಮಿತಿಯ ಬಿಗಿತದಲ್ಲಿ ಕ್ಯಾನ್ಸಸ್ ಸಿಟಿಗೆ ಮಾರಿಯಾಗಿತ್ತು. ಮಾರ್ಕ್ ಡೆಲ್ಗಾಡೊ ನಗರದ ಎದುರಾಳಿ ತಂಡಕ್ಕೆ, ಗಸ್ಟೊನ್ ಬ್ರುಗ್ಮನ್ ನ್ಯಾಶ್‌ವಿಲ್‌ಗೆ. ಫೆಬ್ರವರಿ 23ರಂದು, ಸ್ಯಾನ್ ಡಿಯಾಗೊ ತಂಡದ ಜೀವಮಾನದ ಮೊದಲ ಪಂದ್ಯದಲ್ಲಿ, ಹಾಲಿ ಚಾಂಪಿಯನ್ನರು ತಮ್ಮ ಅಂಗಳದಲ್ಲೇ 0-2ರಿಂದ ಸೋತರು. ಎರಡೂ ಗೋಲು ಆಂಡರ್ಸ್ ಡ್ರೈಯರ್ ಅವರದ್ದು. ಗೆಲುವಿನ ನಶೆ ಇಳಿದಿಲ್ಲ, ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. 16 ಪಂದ್ಯ, 12 ಸೋಲು, 4 ಡ್ರಾ, ಗೆಲುವು ಸೊನ್ನೆ. ಮೊದಲ ಗೆಲುವು ಬಂದದ್ದು ಮೇ 31ಕ್ಕೆ, ರಿಯಲ್ ಸಾಲ್ಟ್ ಲೇಕ್ ವಿರುದ್ಧ. ಸೀಸನ್ ಆರಂಭದಲ್ಲಿ ಇಷ್ಟು ಉದ್ದದ ಬರಗಾಲವನ್ನು ಆ ಲೀಗ್ ಹಿಂದೆಂದೂ ಕಂಡಿರಲಿಲ್ಲ. ಸ್ಯಾನ್ ಡಿಯಾಗೊ ಮಾತ್ರ 63 ಅಂಕದೊಂದಿಗೆ ಪಶ್ಚಿಮದ ಮೊದಲ ಸ್ಥಾನಕ್ಕೆ ನಡೆದುಹೋಯಿತು.

ಆ ಮೊದಲ ಸೋಲು ಶಕುನವಾಗಿರಲಿಲ್ಲ, ಚಳಿಗಾಲದ ನಿರ್ಧಾರಗಳ ವರದಿಯಾಗಿತ್ತು. ಆರಂಭದ ಪಂದ್ಯಗಳಿಂದ ಆಗುವ ನಿಜವಾದ ಉಪಯೋಗವೂ ಇದೇ. 2025ರಲ್ಲಿ ಆಟಗಾರರನ್ನು ಕೊಳ್ಳುವ ಮೊದಲ ಕಿಟಕಿ ತೆರೆದಿದ್ದದ್ದು ಏಪ್ರಿಲ್ 23ರವರೆಗೆ. ಅಷ್ಟರಲ್ಲಿ ಎಂಟೊಂಬತ್ತು ಪಂದ್ಯ ಮುಗಿದಿರುತ್ತವೆ. ಎಲ್ಲಿ ತೂತಿದೆ ಎಂಬುದು ಕಾಣುತ್ತದೆ, ಮುಚ್ಚುವುದಕ್ಕೆ ಬಾಗಿಲೂ ತೆರೆದಿರುತ್ತದೆ. ಆ ಹೊತ್ತಿನಲ್ಲೇ ‘ಇನ್ನೂ ಏನಾಯಿತು’ ಎಂದು ಕೂತರೆ ಮುಂದಿನ ಬಾಗಿಲು ತೆರೆಯುವುದು ಜುಲೈ ಕೊನೆಗೆ. ಆಗ ಮೆಸ್ಸಿಯನ್ನೇ ತಂದರೂ ಏನಾಗುತ್ತದೆಂಬುದನ್ನು ಮೇಲೆ ನೋಡಿದ್ದೇವೆ.

ಚಳಿ, ಹಿಮ, ಚಾಂಪಿಯನ್ಸ್ ಕಪ್‌ನ ವಾರದ ನಡುವಿನ ಪಂದ್ಯಗಳು, ರಾಷ್ಟ್ರೀಯ ತಂಡಗಳಿಗೆ ಹೊರಟುಹೋಗುವ ಆಟಗಾರರು: ಇವೆಲ್ಲ ಮಾರ್ಚ್‌ನ ನಿಜವಾದ ಕಷ್ಟಗಳೇ. 2017ರಲ್ಲಿ ಮಿನೆಸೋಟ ತನ್ನ ಮೊದಲ ತವರು ಪಂದ್ಯವನ್ನು ಹಿಮ ಸುರಿಯುವಾಗ ಕಿತ್ತಳೆ ಚೆಂಡಿನಲ್ಲಿ ಆಡಿ ಅಟ್ಲಾಂಟಾಗೆ 1-6ರಿಂದ ಸೋತಿತು. ಆದರೆ ಹಿಮ ಎರಡೂ ತಂಡಗಳ ಮೇಲೆ ಬಿದ್ದಿತ್ತು. ಸಾವಿರಾರು ಜನ ಟಿಕೆಟ್‌ಗೆ ಪೂರ್ತಿ ದುಡ್ಡು ಕೊಟ್ಟು ಆ ಹಿಮದಲ್ಲೇ ಕೂತಿದ್ದರು. ಮಾರ್ಚ್‌ನ ಪಂದ್ಯಕ್ಕೆ ಬೆಲೆಯಿಲ್ಲವಾದರೆ ಮಾರ್ಚ್‌ನ ಟಿಕೆಟ್‌ಗೆ ಯಾವ ಕ್ಲಬ್ ಅರ್ಧ ದರ ಹಾಕಿದೆ?

ಈ ಸಮಾಧಾನದ ಮಾತಿಗೆ ಹೇಗೂ ಹೆಚ್ಚು ದಿನ ಉಳಿದಿಲ್ಲ. ಯೂರೋಪಿನ ಹಾಗೆ ಬೇಸಿಗೆಯಿಂದ ಮರುವರ್ಷದ ವಸಂತದವರೆಗೆ ಆಡುವ ಕ್ಯಾಲೆಂಡರಿಗೆ ಬದಲಾಗುವುದಾಗಿ ಲೀಗ್ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ನಡುವಿನ ತೆರವನ್ನು ತುಂಬಲು 2027ರ ಫೆಬ್ರವರಿಯಿಂದ ಮೇವರೆಗೆ ಒಂದು ಪುಟ್ಟ ಸೀಸನ್ ನಡೆಯಲಿದೆ. ಲೀಗ್ ಹಂತದಲ್ಲಿ ತಂಡಕ್ಕೆ 14 ಪಂದ್ಯ, ಮೇಲೆ ಪ್ಲೇಆಫ್, ಕಪ್ ಎಲ್ಲವೂ. ಆ ಫೆಬ್ರವರಿ, ಮಾರ್ಚ್‌ನಲ್ಲಿ ಐದು ಪಂದ್ಯ ಸೋತ ಕೋಚ್ ಮೈಕಿನ ಮುಂದೆ ಕೂತು ದಾರಿ ದೂರವಿದೆ ಎಂದರೆ, ಉಳಿದಿರುವುದು ಒಂಬತ್ತೇ ಎಂದು ಮುಂದಿನ ಸಾಲಿನ ವರದಿಗಾರ ನೆನಪಿಸಬೇಕಾಗುತ್ತದೆ.